ಎಲ್ಲ ಬಗೆಯ ಕಾಯಿಲ್ ಕಟ್ಟಿಕೊಡಲಾಗುವುದು

ಕೊಡಿಗೇಹಳ್ಳಿಯ ನನ್ನ ಅಂಗಡಿಯ ಬೋರ್ಡು ನೀಲಿ. ಅದರ ಮೇಲೆ ಬಿಳಿ ಅಕ್ಷರದಲ್ಲಿ ‘ಎಲ್ಲ ಬಗೆಯ ಕಾಯಿಲ್ ಕಟ್ಟಿಕೊಡಲಾಗುವುದು’ ಎಂದಿದೆ. ಬರೆಸಿದ್ದಲ್ಲ, ನಾನೇ ಬರೆದದ್ದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೂ ಬೋರ್ಡು ಬರೆದು ಹೊಟ್ಟೆ ಹೊರೆಯುವವರೇ ಒಂದು ಗಳಿಗೆ ನಿಂತು ಆ ಅಕ್ಷರ ನೋಡಿ ಹೋಗಿದ್ದಾರೆ. ಬೋರ್‌ವೆಲ್ ಮೋಟಾರು, ಮಿಕ್ಸಿ, ಫ್ಯಾನು, ಹಿಟ್ಟಿನ ಗಿರಣಿಯ ಮೋಟಾರು, ಯಾವುದೇ ಇರಲಿ, ಒಳಗಿನ ಕಾಯಿಲು, ಅಂದರೆ ತಾಮ್ರದ ತಂತಿಯ ಸುರುಳಿ, ಸುಟ್ಟರೆ ಬಿಚ್ಚಿ ತೆಗೆದು ಹೊಸದು ಹಾಕುತ್ತೇನೆ. ನಮ್ಮ ಕಸುಬಿನವರು ತಂತಿ ಸುತ್ತುತ್ತೇವೆ ಅನ್ನುವುದಿಲ್ಲ, ಕಟ್ಟುತ್ತೇವೆ ಅನ್ನುತ್ತೇವೆ. ಮನೆ ಕಟ್ಟಿದಷ್ಟೇ ಭದ್ರವಾಗಿ ಕಟ್ಟಬೇಕು.

ಈ ಭದ್ರ ಅನ್ನುವುದನ್ನು ನನ್ನ ತಲೆಗೆ ತುಂಬಿದವರು ಯಶವಂತಪುರ ಮಾರ್ಕೆಟ್ಟಿನ ಹಿಂದಿನ ಶೆಡ್ಡಿನ ಮೇಸ್ತ್ರಿ. ಪುಸ್ತಕದ ಚೀಲ ಇಟ್ಟು ನಾನು ಹೋಗಿ ನಿಂತದ್ದು ಅವರ ಮುಂದೆ. ಅವರ ಶಾಸ್ತ್ರ ಚಿಕ್ಕದು. ತಂತಿ ಪಕ್ಕದ ತಂತಿಗೆ ಅಂಟಿ ಕೂರಬೇಕು, ನಡುವೆ ಕೂದಲೂ ತೂರಬಾರದು. ಕಟ್ಟಿದ ಮೇಲೆ ಇಡೀ ಕಾಯಿಲನ್ನು ವಾರ್ನಿಷ್ ಡ್ರಮ್ಮಿನಲ್ಲಿ ಮುಳುಗಿಸಿ, ಒಲೆಯಲ್ಲಿಟ್ಟು ಬೇಯಿಸಬೇಕು. ಬೆಂದು ಹೊರಬಂದದ್ದನ್ನು ಅವರು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ಕಿವಿಗೊಡುತ್ತಿದ್ದರು. ಕಲ್ಲಿನ ಹಾಗೆ ಟಣ್ ಎಂದರೆ ಸರಿ. ಟಪ್ ಎಂದರೆ, “ಅಲ್ಲಾಡ್ತಿದೆ ಕಣೋ ಇದು, ಬಿಚ್ಚು,” ಎಂದು ಪಕ್ಕಕ್ಕೆ ತಳ್ಳುತ್ತಿದ್ದರು. ನನ್ನ ಕೆಲಸ ಟಪ್ ಎನ್ನುವುದು ಬೇಗನೆ ನಿಂತಿತು. ಆಮೇಲೆ ನಾನೇ ಬೇರೆಯವರದ್ದನ್ನು ತಟ್ಟಿ ನೋಡುವವನಾದೆ.

ಕಳೆದ ಬೇಸಿಗೆಯಲ್ಲಿ ಗಂಗಾನಗರದ ಒಬ್ಬರು ಹೆಂಗಸು ಮಿಕ್ಸಿ ತಂದಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ಬೆನ್ನು ನೆಟ್ಟಗೆ, ಮಾತೂ ನೆಟ್ಟಗೆ. ನಾನು ಮಿಕ್ಸಿ ಬಿಚ್ಚುತ್ತಿದ್ದಾಗ ಅವರು ಆಚೆ ನಿಂತು ಬೋರ್ಡು ಓದಿದರು.

“ಎಲ್ಲ ಅಂದ್ರೆ ಎಲ್ಲಾನೂನಾ?”

“ತಂತಿ ಇದ್ರೆ ಸಾಕು ಮೇಡಂ, ಕಟ್ಟಿಕೊಡ್ತೀನಿ.”

“ರೇಡಿಯೋದು?”

“ರೇಡಿಯೋ ಏನ್ ಮಹಾ? ತನ್ನಿ.”

ಮರುದಿನ ಆಟೋದಲ್ಲಿ ಬಂದಿಳಿದರು. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ್ದ ವಸ್ತುವನ್ನು ನನ್ನ ಮೇಜಿನ ಮೇಲೆ ಬಿಚ್ಚಿಟ್ಟರು. ನಾನು ಅಂದುಕೊಂಡಿದ್ದ ರೇಡಿಯೋ ಅದಲ್ಲ. ಒಂದು ಮರದ ಹಲಗೆ. ಅದರ ಮೇಲೆ ಕೊಳವೆಯಂಥ ಕಾಯಿಲು, ಕಾಯಿಲಿನ ನೆತ್ತಿಯ ಮೇಲೆ ಉಜ್ಜಿಕೊಂಡು ಹಿಂದೆ ಮುಂದೆ ಓಡುವ ಹಿತ್ತಾಳೆಯ ಸ್ಲೈಡರು, ಪಕ್ಕದಲ್ಲಿ ಕಡಲೆಕಾಳಿನಷ್ಟು ಹೊಳೆಯುವ ಹರಳು, ಅದನ್ನು ಮುಟ್ಟಲು ಒಂದು ಸಣ್ಣ ಪಿನ್ನು, ಮತ್ತು ಭಾರದ ಕಪ್ಪು ಹೆಡ್‌ಫೋನು. ಕರೆಂಟಿನ ವೈರಿಲ್ಲ, ಬ್ಯಾಟರಿ ಇಡುವ ಜಾಗವಿಲ್ಲ. ರೇಡಿಯೋ ಹುಟ್ಟಿದ ಕಾಲದ ಸೆಟ್ಟು. ಉದ್ದನೆಯ ತಂತಿಯೊಂದನ್ನು ಎತ್ತರಕ್ಕೆ ಕಟ್ಟಿ, ಇನ್ನೊಂದನ್ನು ನೆಲಕ್ಕೆ ಕೊಟ್ಟರೆ, ಗಾಳಿಯಲ್ಲಿ ಬರುವ ಶಕ್ತಿ ಎಷ್ಟೋ ಅಷ್ಟರಲ್ಲೇ ಅದು ಮಾತಾಡಬೇಕು.

ಕಾಯಿಲಿನ ರಟ್ಟಿನ ಕೊಳವೆಯನ್ನು ಗೆದ್ದಲು ತಿಂದಿತ್ತು. ತಂತಿ ನಡುವೆ ತುಂಡಾಗಿ ಜೋತುಬಿದ್ದಿತ್ತು. ನಾನು ಬೆರಳಲ್ಲಿ ಎತ್ತಿ ನೋಡಿದೆ.

“ಇದನ್ನ ಕಟ್ಟಿದೋನಿಗೆ ಕೈ ಬರ್ತಿರ್ಲಿಲ್ಲ ಬಿಡಿ. ನೋಡಿ, ಸುತ್ತು ಸುತ್ತಿನ ಮಧ್ಯೆ ಎಷ್ಟು ಸಂದಿ! ಉಗುರು ತೂರುತ್ತೆ.”

“ನಮ್ಮಪ್ಪ ಕಟ್ಟಿದ್ದು.”

ಎದುರಿನ ಟೀ ಅಂಗಡಿಯವನು ಜೋರಾಗಿ ಕೆಮ್ಮಿದ. ಅವನು ನನ್ನ ವಯಸ್ಸಿನವನೇ. ನನ್ನ ಮಾತಿಗೊಂದು ಕೊಕ್ಕೆ ಹಾಕದಿದ್ದರೆ ಅವನ ಹಾಲು ಉಕ್ಕುವುದಿಲ್ಲ.

ಹೆಂಗಸು ಬೇಸರ ಮಾಡಿಕೊಳ್ಳಲಿಲ್ಲ. “ದಿನಾ ಸಾಯಂಕಾಲ ಆಫೀಸಿಂದ ಬಂದು ಇದನ್ನ ಹಾಕ್ಕೊಂಡು ಕೂತ್ಬಿಡೋರು. ಇರೋದೇ ಒಂದು ಹೆಡ್‌ಫೋನು. ಪಿನ್ನು ಜರುಗುತ್ತೆ ಅಂತ ನಮ್ಮನ್ನ ಹತ್ರ ಸೇರಿಸ್ತಿರ್ಲಿಲ್ಲ. ಅದ್ರಲ್ಲಿ ಏನ್ ಬರ್ತಿತ್ತು ಅಂತ ಅವ್ರು ಬಿಟ್ರೆ ಇನ್ಯಾರೂ ಕೇಳಿಲ್ಲ. ನನ್ನ ತಮ್ಮ ಹೇಳ್ತಾನೆ, ಅದ್ರಲ್ಲಿ ಏನೂ ಬರ್ತಾನೇ ಇರ್ಲಿಲ್ಲ, ಅಮ್ಮನ ಮಾತು ಕಿವಿಗೆ ಬೀಳಬಾರ್ದು ಅಂತ ಹಾಕ್ಕೊಳ್ತಿದ್ರು ಅಂತ. ಯಾವ ಮದುವೆಗೆ ಹೋದ್ರೂ ಇದೇ ಜೋಕು. ಎಲ್ರೂ ನಗ್ತಾರೆ.”

“ನೀವು?”

“ನಾನು ಸರ್ವೀಸ್ ಪೂರ್ತಿ ಹೆಡ್‌ಫೋನ್ ಹಾಕ್ಕೊಂಡು ಅನ್ನ ತಿಂದೋಳು. ಕೇಳಿಸ್ಕೊಳ್ಳೋರ ಮುಖ ಹೇಗಿರುತ್ತೆ ಅಂತ ನಂಗೊತ್ತು. ಅಪ್ಪ ಕೇಳಿಸ್ಕೊಳ್ತಿದ್ರು.” ಹಲಗೆಯನ್ನು ನನ್ನ ಕಡೆ ಸರಿಸಿ ಹೇಳಿದರು: “ಆಗುತ್ತೆ ಅನ್ನಿ, ಇಲ್ಲ ಆಗಲ್ಲ ಅನ್ನಿ. ಟ್ರೈ ಮಾಡ್ತೀನಿ ಅನ್ನೋ ಮಾತು ಬೇಡ. ಅದನ್ನ ಬೇಕಾದಷ್ಟು ಅಂಗಡೀಲಿ ಕೇಳಿದೀನಿ.”

“ಆಗುತ್ತೆ.”

“ಆಗದಿದ್ರೆ?”

ಹಾಗೆ ನನ್ನನ್ನು ಯಾರೂ ಕೇಳಿರಲಿಲ್ಲ. ರೋಷಕ್ಕೆ ಬೋರ್ಡಿನ ಕಡೆ ಕೈ ತೋರಿಸಿಬಿಟ್ಟೆ. “ಆಗದಿದ್ರೆ ಆ ‘ಎಲ್ಲ’ ಅಳಿಸ್ತೀನಿ.”

“ನಾನೇ ಬಂದು ನೋಡ್ತೀನಿ,” ಎಂದು ಆಟೋ ಹತ್ತಿದರು.

ಆ ದಿನ ಸಂಜೆಯೇ ಟೀ ಅಂಗಡಿಯವನು ಒಂದು ಸಣ್ಣ ಡಬ್ಬಿ ನೀಲಿ ಪೇಂಟು ತಂದು ನನ್ನ ಮೇಜಿನ ಮೇಲೆ ಕುಕ್ಕಿದ. “ನಿನ್ ಬೋರ್ಡ್ ಕಲರ್‌ಗೆ ಮ್ಯಾಚ್ ಮಾಡಿಸಿದೀನಿ ಗುರು. ಬೇಕಾಗುತ್ತೆ, ಇಟ್ಕೋ.”

ನಕ್ಕುಬಿಟ್ಟೆ. ಆದರೆ ಆ ಡಬ್ಬಿ ಕಣ್ಣಿಗೆ ಬಿದ್ದಾಗಲೆಲ್ಲ ಒಳಗೇನೋ ಚುಚ್ಚುತ್ತಿತ್ತು. ಬೇರೆಯವರು ಗೋಡೆಗೆ ಸರ್ಟಿಫಿಕೇಟು ತೂಗುಹಾಕುತ್ತಾರೆ. ನನ್ನ ಹತ್ತಿರ ಇದ್ದದ್ದು ‘ಎಲ್ಲ’ ಎಂಬ ಆ ಒಂದು ಪದ. ಬೋರ್ಡು ಬರೆದ ದಿನ ಕುಂಚ ಎತ್ತಿ ಮೊದಲು ಬರೆದದ್ದು ಅದನ್ನೇ. ಇದು ನಿನ್ನಿಂದಾಗಲ್ಲ ಎಂದು ಜನ ಹೇಳಿದ ಒಂದೊಂದು ಕೆಲಸವನ್ನೂ ಮಾಡಿ ತೋರಿಸಿ ಸಂಪಾದಿಸಿದ ಪದ.

ಫೋನಿನಲ್ಲಿ ಹುಡುಕಿದ್ದರೆ ಇಂಥ ಕಾಯಿಲು ಕಟ್ಟುವ ವಿಡಿಯೋ ಸಿಗುತ್ತಿತ್ತೇನೋ. ಹುಡುಕಲಿಲ್ಲ. ಕಟ್ಟುವ ಕೆಲಸವನ್ನು ಇನ್ನೊಬ್ಬರ ಕೈ ನೋಡಿ ಕಲಿಯುವ ಕಾಲ ನನಗೆ ಮುಗಿದಿದೆ ಎಂದುಕೊಂಡೆ. ಹರಳು, ಪಿನ್ನು, ಹೆಡ್‌ಫೋನು ಚೆನ್ನಾಗಿದ್ದವು. ಕೆಟ್ಟದ್ದು ಕಾಯಿಲು ಒಂದೇ. ರಟ್ಟಿನ ಬದಲು ಬೋರ್‌ವೆಲ್ಲಿಗೆ ಬಳಸುವ ದಪ್ಪ ಪ್ಲಾಸ್ಟಿಕ್ ಪೈಪಿನ ತುಂಡು ತೆಗೆದುಕೊಂಡೆ, ಗೆದ್ದಲಿನಪ್ಪನಿಗೂ ಅದು ಜಗ್ಗುವುದಿಲ್ಲ. ಹಳೆಯದರಷ್ಟೇ ದಪ್ಪದ ತಂತಿ ಹುಡುಕಿ, ಮೇಸ್ತ್ರಿ ನೋಡಿದ್ದರೆ ತಲೆದೂಗುವಷ್ಟು ಬಿಗಿಯಾಗಿ, ಸಂದಿಯಿಲ್ಲದೆ ಕಟ್ಟಿದೆ. ಸ್ಲೈಡರು ಉಜ್ಜುವ ದಾರಿಯಲ್ಲಿ ತಂತಿಯ ಮೇಲಿನ ಪದರ ಕೆರೆದೆ. ಅಂಗಡಿಯ ಸೂರಿನಿಂದ ಪಕ್ಕದ ಕಟ್ಟಡದ ನೀರಿನ ಟ್ಯಾಂಕಿಗೆ ಉದ್ದ ತಂತಿ ಎಳೆದೆ. ಹಿತ್ತಲಿನ ಬೋರ್‌ವೆಲ್ಲಿನ ಕಬ್ಬಿಣದ ಪೈಪಿಗೆ ಇನ್ನೊಂದನ್ನು ಬಿಗಿದೆ. ಹೆಡ್‌ಫೋನು ಹಾಕಿಕೊಂಡು ಪಿನ್ನಿನಿಂದ ಹರಳನ್ನು ಮೆಲ್ಲಗೆ ತಡವುತ್ತಾ ಸ್ಲೈಡರು ಆಡಿಸಿದೆ.

ಒಬ್ಬ ಹೆಂಗಸು ನನ್ನ ಕಿವಿಯಲ್ಲಿ ಕನ್ನಡ ಮಾತಾಡಿದಳು. ಬೆಂಗಳೂರು ಸ್ಟೇಷನ್ನು. ಟೊಮೇಟೊ ಗಿಡದ ಎಲೆ ಮುರುಟು ರೋಗದ ವಿಚಾರ. ನಾನು ಸುತ್ತ ನೋಡಿದೆ. ಯಾವ ಪ್ಲಗ್ಗೂ ಇಲ್ಲ, ಸ್ವಿಚ್ಚೂ ಇಲ್ಲ. ಜೀವಮಾನವಿಡೀ ಕರೆಂಟು ಕುಡಿಯುವ ಯಂತ್ರಗಳ ಜೊತೆ ಬದುಕಿದ ನನಗೆ, ಬರೀ ಗಾಳಿ ಉಂಡು ಮಾತಾಡುವುದನ್ನು ಕಂಡು ಮೈ ಜುಮ್ಮೆಂದಿತು.

ಟೀ ಅಂಗಡಿಯವನನ್ನು ಕರೆದು ಕಿವಿಗೆ ಹಾಕಿದೆ. “ಅಯ್ಯೋ ಮಗಾ, ನಿಜ್ವಾಗ್ಲೂ ಬರ್ತಿದೆ ಕಣೋ!” ಎಂದ.

“ನಿನ್ ಡಬ್ಬಿ ತಗೊಂಡ್ ಹೋಗು.”

“ಇರ್ಲಿ ಬಿಡು. ಅವ್ರ ಮನೇಲಿ ಮಾತಾಡ್ಲಿ ಮೊದ್ಲು.”

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಸ್ಲೈಡರು ನಾಲ್ಕು ಸಲ ಆಡಿಸಿದ್ದಕ್ಕೇ ಮೇಲಿನ ಸುತ್ತುಗಳು ಒಂದಿಷ್ಟು ಜರುಗಿದ್ದವು. ಪ್ಲಾಸ್ಟಿಕ್ಕಿನ ನುಣುಪಿಗೆ ತಂತಿಯ ಹಿಡಿತ ಸಾಲದು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಟಪ್ ಎಂದಿತು. ಟಪ್ ಎನ್ನುವ ಮಾಲು ನನ್ನ ಅಂಗಡಿಯಿಂದ ಆಚೆ ಹೋದದ್ದಿಲ್ಲ. ಮೋಟಾರಿಗೆ ಮಾಡುವಂತೆಯೇ ವಾರ್ನಿಷ್ಷಿನಲ್ಲಿ ಮುಳುಗಿಸಿ, ಹದವಾದ ಬಿಸಿಯಲ್ಲಿ ಎರಡು ಪಟ್ಟು ಹೊತ್ತು ಬೇಯಿಸಿ, ಸ್ಲೈಡರಿನ ದಾರಿಯನ್ನು ಮತ್ತೆ ಕೆರೆದು ತೆಗೆದೆ. ಜೇನಿನ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ತಟ್ಟಿದೆ. ಟಣ್! ಸ್ಕೂಟರಿನ ಮುಂದೆ ಇಟ್ಟುಕೊಂಡು ನೇರ ಗಂಗಾನಗರಕ್ಕೆ ಹೋದೆ.

ಹಳೆಯ ಲೇಔಟಿನ ಮನೆ. ಕೆಳಗೆ ಅಕ್ಕ, ಮೇಲೆ ತಮ್ಮ. ಅವರಪ್ಪ ಏರಿಯಲ್ಲಿನ ಉದ್ದ ತಂತಿ ಕಟ್ಟುತ್ತಿದ್ದ ಕೊಕ್ಕೆ ತೆಂಗಿನ ಮರದಲ್ಲಿ ಇನ್ನೂ ಇತ್ತು. ನಲ್ಲಿಯ ಪೈಪೆಲ್ಲ ಪ್ಲಾಸ್ಟಿಕ್ ಆಗಿದ್ದರಿಂದ ನೆಲದ ತಂತಿಗೆ ಹಿತ್ತಲಿನ ಬತ್ತಿದ ಬೋರ್‌ವೆಲ್ಲೇ ಗತಿಯಾಯಿತು. ತಮ್ಮನೂ ಕುರ್ಚಿ ಎಳೆದುಕೊಂಡು ಬಂದು ಕೂತ.

“ಏನ್ ಬರುತ್ತೆ ಅಂತೀರಾ?”

“ಟೊಮೇಟೊ ರೋಗ ಬಂತು ಸಾರ್, ಅಂಗಡೀಲಿ.”

“ರೋಗ ಬಂದಿದ್ದು ನಮ್ಮಕ್ಕನಿಗೆ ಬಿಡಿ,” ಎಂದು ನಕ್ಕ.

ಹೆಡ್‌ಫೋನು ಅಕ್ಕನ ಕಿವಿಯಲ್ಲಿತ್ತು. ನಾನು ಪಿನ್ನು ಇಟ್ಟೆ, ಸ್ಲೈಡರು ಆಡಿಸಿದೆ, ಮತ್ತೆ ಪಿನ್ನು ಇಟ್ಟೆ. ಅವರ ಮುಖ ಬದಲಾಗಲಿಲ್ಲ. ಕೊನೆಗೆ ನಾನೇ ಹಾಕಿಕೊಂಡೆ. ಬಾಗಿಲು ಹಾಕಿದ ಪಕ್ಕದ ಮನೆಯಲ್ಲಿ ಯಾರೋ ಬಾಯಿಗೆ ಸೆರಗು ಹಿಡಿದು ಪಿಸುಗುಟ್ಟಿದ ಹಾಗೆ ಏನೋ ಒಂದು. ಪದ ಒಂದೂ ಹಿಡಿಯಲಾಗಲಿಲ್ಲ.

ತಮ್ಮ ಎದ್ದ. “ನಾನು ಹೇಳ್ಲಿಲ್ವಾ? ಅಮ್ಮನಿಗೂ ಇದೇ ಕೇಳಿಸ್ತಿದ್ದಿದ್ದು, ಅಪ್ಪಂಗೆ ಬೈದ್ರೆ ವಾಪಸ್ ಏನೂ ಬರ್ತಿರ್ಲಿಲ್ಲ.”

ಅಕ್ಕ ನನ್ನನ್ನು ನೋಡಿ ಒಂದೇ ಮಾತು ಕೇಳಿದರು: “ಬೋರ್ಡು?”

“ಇನ್ನೂ ಮುಗಿದಿಲ್ಲ ಮೇಡಂ,” ಎಂದೆ. ತಂತಿ ಬಿಚ್ಚಿ, ಇಡೀ ಸೆಟ್ಟು ಎತ್ತಿಕೊಂಡು, ತಲೆ ತಗ್ಗಿಸದೆ, ಆದರೆ ಅವರ ಕಣ್ಣು ತಪ್ಪಿಸಿಯೇ ಹೊರಗೆ ಬಂದೆ.

ಅಂಗಡಿಯಲ್ಲಿ ಮತ್ತೆ ಜೋಡಿಸಿದೆ. ಮೊದಲು ಮಾತಾಡಿದ ಅದೇ ಏರಿಯಲ್, ಅದೇ ಬೋರ್‌ವೆಲ್, ಅದೇ ಹರಳು. ಈಗ ಇಲ್ಲೂ ಪಿಸುಪಿಸು. ಬದಲಾಗಿದ್ದದ್ದು ವಾರ್ನಿಷ್ ಒಂದೇ. ಮೋಟಾರನ್ನು ಕಾಯುವ ವಾರ್ನಿಷ್ ಇದನ್ನು ಕೊಂದಿತ್ತು. ನಾನು ಭದ್ರ ಮಾಡಿದ್ದೇ ಮುಳುವಾಗಿತ್ತು.

ಆಗ ಹಳೆಯ ಕಾಯಿಲನ್ನು ಕಸದ ಡಬ್ಬಿಯ ಪಕ್ಕದಿಂದ ಎತ್ತಿ ತಂದೆ. ಮೊದಲ ಸಲ ನೋಡಿದ್ದು ಬೈಯುವುದಕ್ಕೆ. ಈ ಸಲ ಬಾಗಿಲಿನ ಬಿಸಿಲಿಗೆ ಹಿಡಿದು ಸುಮ್ಮನೆ ನೋಡಿದೆ. ಗೆದ್ದಲು ಮುಟ್ಟದೆ ಉಳಿದ ಒಂದು ತುದಿಯಲ್ಲಿ, ಎರಡು ಸುತ್ತುಗಳ ನಡುವೆ, ಬೂದು ಬಣ್ಣದ ಏನೋ ಅಂಟಿತ್ತು. ಸೂಜಿಯಿಂದ ಎಬ್ಬಿಸಿದೆ. ಹತ್ತಿಯ ದಾರ! ಮನುಷ್ಯ ತಂತಿಯ ಜೊತೆಗೆ ದಾರವನ್ನೂ ಸೇರಿಸಿ ಕಟ್ಟಿದ್ದ. ಒಂದು ಸುತ್ತು ತಂತಿ, ಪಕ್ಕದಲ್ಲೇ ದಾರ. ಸಂದಿ ಕೈ ಬಾರದೆ ಉಳಿದದ್ದಲ್ಲ, ಬೇಕೆಂದೇ ಬಿಟ್ಟದ್ದು. ದಾರ ಗೆದ್ದಲಿನ ಪಾಲಾಗಿ ಸಂದಿ ಮಾತ್ರ ನನ್ನ ಕಣ್ಣಿಗೆ ಬಿದ್ದಿತ್ತು.

ಕೂತು ಯೋಚಿಸಿದೆ. ಮೋಟಾರಿಗೆ ಕರೆಂಟು ಧಾರಾಳ, ಒಂದಿಷ್ಟು ಸೋರಿದರೂ ಚಿಂತೆಯಿಲ್ಲ, ತಂತಿ ಅಲ್ಲಾಡದಿದ್ದರೆ ಸಾಕು. ಇಲ್ಲಿ ಗಾಳಿಯಿಂದ ಬರುವುದೇ ಚಿಟಿಕೆಯಷ್ಟು. ಸುತ್ತುಗಳು ಒತ್ತೊತ್ತಾಗಿದ್ದರೆ, ನಡುವೆ ವಾರ್ನಿಷ್ ತುಂಬಿದ್ದರೆ, ಆ ಚಿಟಿಕೆಯೂ ಅಲ್ಲೇ ಇಂಗಿಹೋಗುತ್ತದೆ. ಸುತ್ತು ಸುತ್ತಿನ ನಡುವೆ ಗಾಳಿ ಬೇಕು.

ಇನ್ನೊಂದನ್ನೂ ಕಂಡೆ. ಸ್ಲೈಡರಿನ ದಾರಿಯಲ್ಲಿ ಒಂದೇ ಕಡೆ, ನಾಲ್ಕಾರು ಸುತ್ತುಗಳ ಅಗಲಕ್ಕೆ, ತಾಮ್ರ ಸವೆದು ಚಪ್ಪಟೆಯಾಗಿತ್ತು. ಉಳಿದೆಡೆ ಗೀರೂ ಇಲ್ಲ. ಸುಮ್ಮನೆ ಕಿವಿ ಮುಚ್ಚಿಕೊಂಡು ಕೂತವನು ತಂತಿ ಸವೆಸುವುದಿಲ್ಲ. ಸ್ಟೇಷನ್ನು ಹಿಡಿಯಲು ದಿನವೂ ಅಲ್ಲೇ ಕೂದಲೆಳೆ ಹಿಂದೆ, ಕೂದಲೆಳೆ ಮುಂದೆ ಮಾಡಿದವನ ಗುರುತು ಅದು. ಅಕ್ಕನಿಗೆ ಫೋನು ಮಾಡಿ ಹೇಳೋಣ ಎನಿಸಿತು. ಮಾಡಲಿಲ್ಲ. ಸವೆದ ತಾಮ್ರ ನನಗೆ ಸಾಕ್ಷಿ, ಆ ತಮ್ಮನಿಗಲ್ಲ. ಅವನಿಗೆ ಮಾತು ಕೇಳಿಸಬೇಕು.

ಅವರಪ್ಪನ ಹಾಗೆ ದಾರ ಸೇರಿಸಿ ಕಟ್ಟಿಬಿಡಬಹುದಿತ್ತು. ಆದರೆ ಆ ದಾರದ ಗತಿ ಏನಾಯಿತೆಂದು ಕಣ್ಣಾರೆ ಕಂಡಿದ್ದೆ. ನಾನು ಕಟ್ಟಿದ್ದು ನನಗಿಂತ ಹೆಚ್ಚು ಬಾಳಬೇಕು. ನೈಲಾನ್ ದಾರ ಸೇರಿಸಿ ನೋಡಿದೆ, ಜಾರಿತು. ದಾರ ಬಿಚ್ಚಿ ತೆಗೆದು ತಂತಿಯನ್ನಷ್ಟೇ ಉಳಿಸಿದೆ, ಸ್ಲೈಡರು ಅದನ್ನು ಬಾಚಣಿಗೆಯ ಹಾಗೆ ಬಾಚಿ ಒಂದು ಮೂಲೆಗೆ ಗುಡ್ಡೆ ಹಾಕಿತು. ಕಟ್ಟಿದೆ, ಬಿಚ್ಚಿದೆ. ಟೀ ಅಂಗಡಿಯವನು ಲೋಟ ಇಟ್ಟು ಹೋಗುವಾಗಲೆಲ್ಲ ಪೇಂಟಿನ ಡಬ್ಬಿಯನ್ನು ಒಂದು ಸಲ ಅಲುಗಾಡಿಸುವುದನ್ನು ಮರೆಯುತ್ತಿರಲಿಲ್ಲ. “ಗಟ್ಟಿಯಾಗ್ಬಾರ್ದು ನೋಡು,” ಎನ್ನುತ್ತಿದ್ದ.

ಆ ನಡುವೆ ಮಾಕಳಿಯಲ್ಲಿ ಒಂದು ತೋಟದ ಬೋರ್‌ವೆಲ್ಲಿನಿಂದ ಮೋಟಾರು ಎತ್ತಿಸಬೇಕಿತ್ತು. ಪೈಪುಗಳನ್ನು ಒಂದೊಂದಾಗಿ ತಿರುಗಿಸಿ ಬಿಚ್ಚಿ ಸಾಲಾಗಿ ಮಲಗಿಸುತ್ತಿದ್ದರು. ಒಂದರ ತುದಿ ನನ್ನ ಮೊಣಕಾಲಿನ ಹತ್ತಿರವೇ ಇತ್ತು. ಇನ್ನೊಂದು ಪೈಪಿಗೆ ಕಚ್ಚಿ ಕೂರಲು ತುದಿಯಲ್ಲಿ ಕೊರೆದ ಥ್ರೆಡ್ಡು, ಸುತ್ತಿ ಸುತ್ತಿ ಹೋಗುವ ಗೀರು. ಆ ಗೀರಿನಲ್ಲಿ ಬೆರಳಿಟ್ಟು ತಿರುಗಿಸಿದೆ. ಇಷ್ಟು ವರ್ಷ ಇದನ್ನು ಕೈಯಲ್ಲಿ ಹಿಡಿದೇ ಬದುಕಿದ್ದೆ. ತಂತಿ ಗೀರಿನೊಳಗೆ ಕೂತರೆ ಎಲ್ಲಿಗೆ ಜರುಗುತ್ತದೆ? ಗೀರಿನಿಂದ ಗೀರಿಗೆ ಸಂದಿ ತಾನಾಗಿಯೇ ಇದೆ. ದಾರವೂ ಬೇಡ, ವಾರ್ನಿಷ್ಷೂ ಬೇಡ.

ಅಲ್ಲೇ ತುಮಕೂರು ರಸ್ತೆಯ ಬದಿಯಲ್ಲಿ ಪೈಪು, ಕಬ್ಬಿಣ ಕೊರೆದುಕೊಡುವ ಒಂದು ಲೇತ್ ಅಂಗಡಿ ಇತ್ತು. ಹೊಸ ಪೈಪಿನ ತುಂಡು ಕೊಟ್ಟು, ಈ ತುದಿಯಿಂದ ಆ ತುದಿಯವರೆಗೂ ಸಣ್ಣ ಗೀರು ಕೊರೆಯಲು ಹೇಳಿದೆ.

“ಇಂಗೆ ಉದ್ದುಕ್ಕೂ ಥ್ರೆಡ್ ಆಕುಸ್ಕೊಂಡು ಏನ್ ಮಾಡ್ತೀಯಣ್ಣಾ? ಯಾವ ನೀರು ಬತ್ತದೆ ಇದ್ರಾಗೆ?” ಲೇತಿನವನು ಕೇಳಿದ.

“ನೀರಲ್ಲ ಗುರು, ನ್ಯೂಸು.”

ಅವನು ನನ್ನ ಮುಖವನ್ನೊಮ್ಮೆ ನೋಡಿ ಮೆಷಿನ್ ಆನ್ ಮಾಡಿದ.

ಅಂಗಡಿಗೆ ಬಂದು ತಂತಿಯ ಒಂದು ತುದಿಯನ್ನು ಮೇಜಿಗೆ ಬಿಗಿದ ವೈಸಿನ ಹಲ್ಲಿಗೆ ಕಚ್ಚಿಸಿ, ಇನ್ನೊಂದು ತುದಿ ಹಿಡಿದು ರಸ್ತೆಯವರೆಗೆ ಹಿಂದಕ್ಕೆ ನಡೆದು ಜಗ್ಗಿದೆ. ಹಾಗೆ ಒಂದು ಸಲ ಜಗ್ಗಿದರೆ ಸುರುಳಿಯ ನೆನಪು ಬಿಟ್ಟು ತಂತಿ ನೇರವಾಗುತ್ತದೆ, ಹೇಳಿದ ಮಾತು ಕೇಳುತ್ತದೆ. ಪೈಪನ್ನು ತಿರುಗಿಸುತ್ತಾ ಗೀರಿಗೆ ಇಳಿಸುತ್ತಾ ಬಂದೆ. ತುದಿಗಳಲ್ಲಿ ತೂತು ಕೊರೆದು ತಂತಿಯನ್ನು ಒಳಗೆ ತೂರಿಸಿ ಬಿಗಿದೆ. ಕೆರೆದಾಗ ಉದುರಿದ ತಾಮ್ರದ ಪುಡಿ ಸಂದಿಯಲ್ಲಿ ಕೂರದಂತೆ ಬ್ರಷ್ಷಿನಲ್ಲಿ ಉಜ್ಜಿ ತೆಗೆದೆ. ಆಮೇಲೆ ಸ್ಲೈಡರನ್ನು ಆಚೆ ಈಚೆ, ಆಚೆ ಈಚೆ, ಬೇಕೆಂದೇ ಒರಟಾಗಿ ಆಡಿಸಿದೆ. ಒಂದು ಸುತ್ತೂ ಮಿಸುಕಲಿಲ್ಲ.

ವಾರ್ನಿಷ್ ಡ್ರಮ್ಮು ಮೂಲೆಯಲ್ಲೇ ಇತ್ತು. ಕಟ್ಟಿದ್ದನ್ನು ಅದರಲ್ಲಿ ಮುಳುಗಿಸದೆ ಇದು ಮುಗಿಯಿತು ಎನ್ನಲು ನನ್ನ ಕೈ ಒಪ್ಪದು. ಮುಚ್ಚಳದವರೆಗೂ ಹೋಗಿ ವಾಪಸು ಬಂದೆ. ಸ್ಕ್ರೂಡ್ರೈವರನ್ನು ಡ್ರಾಯರಿನೊಳಗೆ ಹಾಕಿದೆ. ಇದನ್ನು ತಟ್ಟಿ ನೋಡುವುದಲ್ಲ, ಕೇಳಿ ನೋಡಬೇಕು. ಕೇಳಿದೆ. ಮೊದಲ ದಿನ ಬಂದ ದನಿಗಿಂತ ಸ್ಪಷ್ಟವಾಗಿತ್ತು, ಓದುವವರು ಹಾಳೆ ಮಗುಚಿದ್ದೂ ಕೇಳಿಸಿತು.

ಮತ್ತೆ ಗಂಗಾನಗರ. ಸಂಜೆಯ ಹೊತ್ತು, ಅವರಪ್ಪ ಆಫೀಸಿನಿಂದ ಬರುತ್ತಿದ್ದ ಸಮಯವಂತೆ. ತೆಂಗಿನ ಮರದ ಕೊಕ್ಕೆಗೆ ತಂತಿ, ಬತ್ತಿದ ಬೋರ್‌ವೆಲ್ಲಿಗೆ ತಂತಿ. ತಮ್ಮ ಆಗಲೇ ಕುರ್ಚಿ ಹಾಕಿಕೊಂಡಿದ್ದ. ಅಕ್ಕ ಹೆಡ್‌ಫೋನು ಹಾಕಿಕೊಂಡರು. ನಾನು ಪಿನ್ನು ಇಟ್ಟು ಕೈ ತೆಗೆದೆ.

“ಸ್ಲೈಡರ್ ನೀವೇ ಆಡಿಸಿ ಮೇಡಂ. ಹೆದರಬೇಡಿ, ಜರುಗಲ್ಲ ಅದು.”

ಅವರು ಆಡಿಸಿದರು. ಒಂದು ಕಡೆ ಕೈ ನಿಂತಿತು. ಕೂದಲೆಳೆ ಹಿಂದೆ, ಕೂದಲೆಳೆ ಮುಂದೆ. ಆಮೇಲೆ ಅವರು ಕಣ್ಣು ಮುಚ್ಚಿದರು.

“ಅಕ್ಕಾ, ಏನಾದ್ರೂ ಬಂತಾ?”

ಅವರ ಬೆರಳು ಸ್ಲೈಡರಿನ ಮೇಲೇ ಇತ್ತು.

“ಅಕ್ಕಾ?”

ಅವರು ಕಣ್ಣು ಬಿಡದೆ ಬಲಗೈ ಎತ್ತಿ, ಸುಮ್ಮನಿರು ಎಂಬಂತೆ ಗಾಳಿಯಲ್ಲಿ ತಡೆದರು. ಕುರ್ಚಿಯಿಂದ ತಮ್ಮ ಎದ್ದೇಬಿಟ್ಟ.

“ಇದೇ! ಇದೇ ಕಣ್ರೀ ಅಪ್ಪ ಮಾಡ್ತಿದ್ದಿದ್ದು! ಕೇಳಿದ್ರೆ ಕೈ ಎತ್ತಿಬಿಡೋರು. ಈಗ ಇವಳೂ ಶುರು ಹಚ್ಕೊಂಡ್ಲು. ಏನೂ ಬರ್ತಿಲ್ಲ ಅದ್ರಲ್ಲಿ, ನಾಟಕ! ಕೊಡೇ ಇಲ್ಲಿ.”

ಅಕ್ಕ ಕೊಡಲಿಲ್ಲ. ಅವನು ಕೇಳುತ್ತಲೇ ಇದ್ದ, ಇವರು ಕೈ ಎತ್ತುತ್ತಲೇ ಇದ್ದರು. ಬರುತ್ತಿದೆಯೋ ಇಲ್ಲವೋ ನನಗಾದರೂ ಏನು ಗೊತ್ತು? ಇರುವುದು ಒಂದೇ ಹೆಡ್‌ಫೋನು. ಕೊನೆಗೆ ಅವರು ಕಣ್ಣು ಬಿಟ್ಟು, ಹೆಡ್‌ಫೋನು ತೆಗೆದು, ತಾವೇ ತಮ್ಮನ ತಲೆಗೆ ಹಾಕಿ ಅದುಮಿದರು.

ಅವನ ಬಾಯಿ ಏನೋ ಹೇಳಲು ತೆರೆದದ್ದು ಹಾಗೇ ನಿಂತಿತು. ಮೆಲ್ಲಗೆ ಕುರ್ಚಿಯಲ್ಲಿ ಕೂತ. ಒಂದು ಕೈ ಹೆಡ್‌ಫೋನಿನ ಮೇಲೆ ಹೋಯಿತು, ಕಿವಿಗೆ ಇನ್ನಷ್ಟು ಒತ್ತಿಕೊಂಡ.

“ಏನಂತೆ?” ಅಕ್ಕ ಕೇಳಿದರು.

ತಮ್ಮ ಕೈ ಎತ್ತಿದ.

ಅಕ್ಕ ನನ್ನ ಕಡೆ ತಿರುಗಿದರು. ನಾನು ಜೇಬಿನಿಂದ ಹಳೆಯ ತಂತಿಯ ಸವೆದ ತುಂಡು ತೆಗೆದು ಅವರ ಅಂಗೈಯಲ್ಲಿಟ್ಟೆ. “ನಿಮ್ಮಪ್ಪ ದಿನಾ ಇಲ್ಲೇ ಹುಡುಕ್ತಿದ್ರು ಮೇಡಂ, ನೋಡಿ. ಅವತ್ತು ನಾನು ಅವರ ಕೈ ಬಗ್ಗೆ ಒಂದು ಮಾತಂದೆ. ಅದನ್ನ ವಾಪಸ್ ತಗೊಂಡಿದೀನಿ.” ಅವರು ಆ ಚಪ್ಪಟೆಯಾದ ಜಾಗದ ಮೇಲೆ ಹೆಬ್ಬೆರಳು ಸವರಿದರು.

“ಕಾಫಿ ಕುಡ್ಕೊಂಡ್ ಹೋಗಿ,” ಎಂದರು. ತಮ್ಮನಿಗೂ ಕೇಳಿದರು, “ನಿಂಗೂ ಮಾಡ್ಲೇನೋ?” ಅವನಿಗೆ ಕೇಳಿಸಲಿಲ್ಲ.

ಮರುದಿನ ಅಂಗಡಿ ತೆರೆದಾಗ ಟೀ ಅಂಗಡಿಯವನು ಏಣಿ ತಂದು ಬೋರ್ಡಿಗೆ ಒರಗಿಸಿಟ್ಟಿದ್ದ. “ಹತ್ತು ಗುರು, ನಾನು ಹಿಡ್ಕೊಳ್ತೀನಿ.”

“ಮಾತಾಡ್ತು ಕಣೋ.”

“ನಿಜ?”

“ಹೋಗಿ ಕೇಳು. ಆ ತಮ್ಮ ಹೆಡ್‌ಫೋನ್ ಬಿಟ್ಟುಕೊಟ್ರೆ.”

ಅವನು ಏಣಿಯನ್ನೂ ಬೋರ್ಡನ್ನೂ ಒಂದು ಸಲ ನೋಡಿದ. “ಹಂಗಾದ್ರೆ ಆ ಪೇಂಟು? ದಂಡ ಆಯ್ತಲ್ಲೋ.”

ದಂಡವಾಗಲು ಬಿಡಲಿಲ್ಲ. ಡಬ್ಬಿಯ ಮುಚ್ಚಳ ಎಬ್ಬಿಸಿ, ಗಿರಾಕಿಗಳು ಬರುವ ಮೊದಲೇ ಅವನ ಅಂಗಡಿಯ ಮುಂದಿನ ಮಾಸಿದ ಬೆಂಚಿಗೆ ಎರಡು ಕೈ ನೀಲಿ ಬಳಿದೆ. ಇವತ್ತು ನಿಂತುಕೊಂಡೇ ಟೀ ಕುಡೀಬೇಕು ಎಂದು ಅವನು ಬಂದವರಿಗೆಲ್ಲ ಗೊಣಗುತ್ತಿದ್ದ. ನಾನು ಒಳಗೆ ಹೋಗಿ ಮಾಕಳಿಯಿಂದ ಎತ್ತಿ ತಂದಿದ್ದ ಮೋಟಾರಿನ ಸುಟ್ಟ ತಂತಿ ಬಿಚ್ಚಲು ಕೂತೆ. ಅದಕ್ಕೆ ವಾರ್ನಿಷ್ ಬೇಕು. ಡ್ರಮ್ಮಿನ ಮುಚ್ಚಳ ತೆಗೆದಿಟ್ಟೆ.